ಚೆಂಡು ಕೈ ಬಿಡೋ ಮುಂಚೆ ಹೇಳೋನು

2025ರ ಅಕ್ಟೋಬರ್ 28, ಮಂಗಳವಾರ, ಮಧ್ಯಾಹ್ನ 12 ಗಂಟೆ 20 ನಿಮಿಷಕ್ಕೆ ನಾನಿನ್ನೂ ಸ್ನಾನ ಮಾಡಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಕಾಫಿ ಲೋಟ ಹಿಡಿದು ಟಿವಿ ಮುಂದೆ ಕೂತವನು ತಿಂಡಿಗೂ ಅಲ್ಲೇ, ಎರಡನೇ ಕಾಫಿಗೂ ಅಲ್ಲೇ. ನಮ್ಮನೆಯವರು ಗುಡಿಸೋಕೆ ಬಂದು ಕಾಲೆತ್ತಿ ಅಂದರು, ಎತ್ತಿದೆ. ಒರೆಸೋಕೆ ಬಂದು ಮತ್ತೆ ಎತ್ತಿ ಅಂದರು, ಮತ್ತೆ ಎತ್ತಿದೆ. ಟಿವಿಯಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೂ ಟೊರಾಂಟೊ ಬ್ಲೂ ಜೇಸ್‌ಗೂ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ, ಅದರ ಮೂರನೇ ಆಟ. ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಾದದ್ದು ಹದಿನೆಂಟಕ್ಕೆ ಎಳೀತು. 6 ಗಂಟೆ 39 ನಿಮಿಷ. ಅಷ್ಟು ಹೊತ್ತೂ ಒಬ್ಬ ಮನುಷ್ಯ ಮಾತಾಡ್ತಾನೇ ಇದ್ದ. ಹೋಟೆಲು, ಮಿಕ್ಸಿ, ಕೊರಿಯರ್ ಎಲ್ಲದಕ್ಕೂ ವಿಮರ್ಶೆ ಬರೀತಾರಲ್ಲ, ನಾನು ಆ ಮನುಷ್ಯನ ಮಾತಿಗೆ ಬರೆಯೋಣ ಅಂತ ಕೂತಿದ್ದೀನಿ.

ಹೆಸರು ಜಾನ್ ಸ್ಮೋಲ್ಟ್ಸ್. ಹಳೇ ಬೇಸ್‌ಬಾಲ್ ಪಿಚರ್, ಈಗ ಅಮೆರಿಕದ ಫಾಕ್ಸ್ ಚಾನಲ್‌ನಲ್ಲಿ ಕಾಮೆಂಟೇಟರ್. ಹುಟ್ಟಿದ್ದು 1967ರಲ್ಲಿ. ನನಗಿಂತ ಮೂರು ವರ್ಷ ಚಿಕ್ಕವನು, ಅದಕ್ಕೇ ಏಕವಚನ. ಪಿಚರ್ ಅಂದಾಗ ನಮ್ಮನೆಯವರು ಮೊದಲು ಕೇಳಿದ್ದು "ಯಾವ ಪಿಕ್ಚರ್‌ದು?" ಅಂತ. ಪಿಚರ್ ಅಂದರೆ ಚೆಂಡು ಎಸೆಯೋನು, ನಮ್ಮ ಬೌಲರ್ ಇದ್ದ ಹಾಗೆ ಅಂದೆ. ಪಿಚ್ ಅಂದರೆ ನಮಗೆ ನೆಲ, ಅವರಿಗೆ ಎಸೆತ. ಈ ಒಂದು ಪದ ತಲೆಗೆ ಹತ್ತೋಕೆ ನನಗೇ ಒಂದು ವಾರ ಬೇಕಾಯಿತು.

ನನ್ನ ಬಗ್ಗೆ ಎರಡು ಮಾತು, ಇಲ್ಲದಿದ್ದರೆ ಈ ಮುದುಕನಿಗೆ ಬೇಸ್‌ಬಾಲ್ ಯಾಕೆ ಅಂತೀರಿ. ಮದ್ದೂರು ಕಡೆ ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ಕಬಡ್ಡಿ, ಖೋ ಖೋ, ಬಾಲ್ ಬ್ಯಾಡ್ಮಿಂಟನ್ ಜೊತೆಗೆ ಹುಡುಗೀರಿಗೆ ಸಾಫ್ಟ್‌ಬಾಲ್ ಕೂಡ ಹೇಳಿಕೊಡ್ತಿದ್ದೆ, ಹಾಗಾಗಿ ಬೇಸು, ಸ್ಟ್ರೈಕು, ಔಟು ಹೊಸದೇನಲ್ಲ. ಕಾಲೇಜಿನ ಕಾಲಕ್ಕೆ ನಾನೂ ಫಾಸ್ಟ್ ಬೌಲರ್. ಮಂಡ್ಯದಲ್ಲಿ ನನ್ನ ಓಟ ನೋಡಿ ಹೆದರಿದವರಿದ್ದಾರೆ, ಚೆಂಡು ನೋಡಿ ಹೆದರಿದವರು ಕಮ್ಮಿ. ರಿಟೈರ್ ಆದ ಮೇಲೆ ಮೈಸೂರಿನ ಕುವೆಂಪುನಗರದಲ್ಲಿ ವಾಸ. ಮಗಳು ಅಳಿಯ ಅಟ್ಲಾಂಟಾದ ಹೊರವಲಯದಲ್ಲಿದ್ದಾರೆ. ಹೋದ ಬೇಸಿಗೆಗೆ ಎಲ್ಲಾ ಅಪ್ಪ ಅಮ್ಮಂದಿರ ಹಾಗೆ ನಾವೂ ಹೋಗಿದ್ದೆವು. ಅಲ್ಲಿ ಹನ್ನೊಂದು ವರ್ಷದ ಮೊಮ್ಮಗ ಪಿಚರ್ ಆಗಿಬಿಟ್ಟಿದ್ದ. ನಮ್ಮ ವಂಶದ ಕೈ, ಬೇರೆ ಆಟಕ್ಕೆ ಹೋಗಿತ್ತು.

ದಸರೆ ಹೊತ್ತಿಗೆ ವಾಪಸ್ ಬಂದ ಮೇಲೆ ಅಳಿಯ ಒಂದು ವ್ಯವಸ್ಥೆ ಮಾಡಿದ. ಅವರ ಮನೆ ಟಿವಿ ಎದುರಿಗೆ ಸ್ಟ್ಯಾಂಡ್‌ನಲ್ಲಿ ಒಂದು ಹಳೇ ಫೋನ್, ಅದರಿಂದ ನಮಗೆ ವಿಡಿಯೊ ಕಾಲ್, ಆ ಕಾಲ್ ನಮ್ಮ ಹಾಲಿನ ಟಿವಿಗೆ. ತಾತ ಮೊಮ್ಮಗ ಒಟ್ಟಿಗೆ ಕೂತು ನೋಡಲಿ ಅಂತ. ಅವರಿಗೆ ರಾತ್ರಿ ಎಂಟು, ನಮಗೆ ಬೆಳಿಗ್ಗೆ ಐದೂವರೆ. ಚಿತ್ರ ಅಷ್ಟಕ್ಕಷ್ಟೇ. ಚೆಂಡು ಕಾಣೋದು ಅಪರೂಪ, ಮಧ್ಯೆ ಮಗಳು ಬಟ್ಟೆ ಬುಟ್ಟಿ ಹಿಡಿದು ಅಡ್ಡ ಹೋಗ್ತಾಳೆ. ಇಲ್ಲಿಯ ಬ್ರಾಡ್‌ಬ್ಯಾಂಡ್‌ನವರು ಯಾವಾಗ ಕೈ ಕೊಡ್ತಾರೋ ಅವರಿಗೇ ಗೊತ್ತಿಲ್ಲ. ಆದರೆ ಧ್ವನಿ ಚೆನ್ನಾಗಿ ಬರುತ್ತೆ. ಕಣ್ಣಿಗೆ ಸರಿಯಾಗಿ ಕಾಣದೇ ಇದ್ದದ್ದಕ್ಕೇ ಕಿವಿ ಕೊಟ್ಟೆ. ಕಿವಿ ಕೊಟ್ಟಿದ್ದಕ್ಕೇ ಸ್ಮೋಲ್ಟ್ಸ್ ಸಿಕ್ಕಿದ.

ಅಲ್ಲಿ ಇಬ್ಬರು ಮಾತಾಡೋದು. ಜೋ ಡೇವಿಸ್ ಅಂತ ಒಬ್ಬ, ಏನಾಗ್ತಿದೆ ಅಂತ ಹೇಳೋನು. ಅದು ಯಾಕಾಯಿತು ಅನ್ನೋದು ಸ್ಮೋಲ್ಟ್ಸ್ ಪಾಲು. 2016ರಿಂದ ಫಾಕ್ಸ್‌ನ ದೊಡ್ಡ ಆಟಗಳಿಗೆಲ್ಲ ಆ ಕುರ್ಚಿ ಅವನದೇ. ಡೇವಿಸ್ ಜೊತೆಗೂಡಿದ್ದು 2022ರಲ್ಲಿ.

ಈಯಪ್ಪನ ಮಾತಿನ ವಿಶೇಷ ಒಂದೇ. ಚೆಂಡು ಬಂದ ಮೇಲೆ ಬಣ್ಣಿಸೋರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವನು ಬರೋ ಮುಂಚೆ ಹೇಳ್ತಾನೆ. ಬ್ಯಾಟ್ಸ್‌ಮನ್ ಒಂದು ಫಾಸ್ಟ್ ಬಾಲ್‌ಗೆ ತಡವಾಗಿ ಬೀಸಿ ಪಕ್ಕದ ಗೆರೆಯಾಚೆ ಹೊಡೆದು ಫೌಲ್ ಮಾಡಿದ ಅನ್ನಿ. ನಮಗೆ ಅದೊಂದು ಫೌಲ್, ಅಷ್ಟೇ. ಪಿಚರ್ ಆಗಿದ್ದವನಿಗೆ ಅದು ಕಾಗದ ಬರೆದು ಕೊಟ್ಟ ಹಾಗೆ: ಇವನ ಕೈ ಆ ವೇಗಕ್ಕೆ ಸಾಲ್ತಿಲ್ಲ. ಈಗ ನಿಧಾನದ ಚೆಂಡು ಹಾಕಿದರೆ ಅವನಿಗೆ ಉಪಕಾರ ಮಾಡಿದ ಹಾಗೆ, ಅದೇ ವೇಗದ್ದು ಇನ್ನೊಂದು, ಇನ್ನೊಂದು ಚೂರು ಮೇಲೆ ಹಾಕಬೇಕು. ಹಾಗಲ್ಲದೆ ಬೇಗ ಬೀಸಿ ಇನ್ನೊಂದು ಪಕ್ಕಕ್ಕೆ ಹೊಡೆದಿದ್ದರೆ ಲೆಕ್ಕವೇ ತಿರುಗಾಮುರುಗಾ, ಆಗ ವೇಗ ಇಳಿಸಬೇಕು. ಈ ಲೆಕ್ಕವನ್ನೆಲ್ಲ ಅವನು ಎರಡು ಎಸೆತದ ನಡುವೆ ಹೇಳಿ ಮುಗಿಸಬೇಕು. 2023ರಿಂದ ಅಲ್ಲಿ ಪಿಚ್ ಕ್ಲಾಕ್ ಬಂದಿದೆ. ಓಡೋರು ನಿಲ್ಲೋ ಬೇಸ್ ಖಾಲಿ ಇದ್ದರೆ 15 ಸೆಕೆಂಡ್, ಯಾರಾದರೂ ನಿಂತಿದ್ದರೆ ಈಗ 18 ಸೆಕೆಂಡ್, ಅಷ್ಟರೊಳಗೆ ಪಿಚರ್ ಎಸೆಯೋಕೆ ಶುರು ಮಾಡಿರಬೇಕು. ಅದು ಬಂದ ವರ್ಷವೇ ಆಟದ ಸರಾಸರಿ ಹೊತ್ತು ಮೂರು ಗಂಟೆ ನಾಲ್ಕು ನಿಮಿಷದಿಂದ ಎರಡು ಗಂಟೆ ನಲವತ್ತಕ್ಕೆ ಇಳಿಯಿತು. ಹದಿನೈದು ಸೆಕೆಂಡ್‌ನಲ್ಲಿ ನಮ್ಮ ಕಡೆ "ನಮಸ್ಕಾರ, ಚೆನ್ನಾಗಿದ್ದೀರಾ, ಊಟ ಆಯ್ತಾ" ಮುಗಿಯಲ್ಲ.

ಮೊಮ್ಮಗನೂ ನಾನೂ ಇದನ್ನೇ ಆಟ ಮಾಡಿಕೊಂಡೆವು. ಸ್ಮೋಲ್ಟ್ಸ್ ಬಾಯಿ ತೆಗೆಯೋಕೂ ಮುಂಚೆ ಯಾರು ಸರಿಯಾಗಿ ಹೇಳ್ತಾರೆ ಅಂತ. "ತಾತ, ಸ್ಲೈಡರ್!" ಅಂತಾನೆ ಅವನು, ಪಕ್ಕಕ್ಕೆ ಜಾರೋ ಚೆಂಡು ಅಂತ. ನಾನು "ಇಲ್ಲ ಕಣೋ, ಫಾಸ್ಟೇ ಹಾಕ್ತಾನೆ ನೋಡು" ಅಂತೀನಿ. ಮೊದಲ ವಾರ ಹತ್ತಕ್ಕೆ ಎರಡು ಗೆದ್ದೆ. ವರ್ಲ್ಡ್ ಸೀರೀಸ್ ಹೊತ್ತಿಗೆ ಹತ್ತಕ್ಕೆ ಐದು. ನಲವತ್ತು ವರ್ಷದ ಹಿಂದೆ ಬೌಲಿಂಗ್ ಮಾಡುವಾಗ ಬ್ಯಾಟ್ಸ್‌ಮನ್ ಕಾಲು ನೋಡೋದನ್ನು ಯಾರಾದರೂ ನನಗೆ ಹೀಗೆ ಹೇಳಿಕೊಟ್ಟಿದ್ದರೆ ಅನ್ನಿಸಿತು. ನಾನು ಸ್ಟಂಪ್ ನೋಡ್ತಿದ್ದೆ, ಓಡಿ ಬಂದು ಬಿಸಾಕ್ತಿದ್ದೆ.

ಈ ವಿದ್ಯೆ ಎಲ್ಲಿಂದ ಬಂತು ಅನ್ನೋದಕ್ಕೆ ಅವನ ಚರಿತ್ರೆ ಚೂರು ಗೊತ್ತಿರಬೇಕು. 1987ರಲ್ಲಿ ಡೆಟ್ರಾಯಿಟ್‌ನವರು ಅವನನ್ನು ಅಟ್ಲಾಂಟಾ ಬ್ರೇವ್ಸ್‌ಗೆ ಬಿಟ್ಟುಕೊಟ್ಟರು, ಬದಲಿಗೆ ಡಾಯ್ಲ್ ಅಲೆಕ್ಸಾಂಡರ್ ಅನ್ನೋ ಅನುಭವಿ ಪಿಚರ್‌ನ ತಗೊಂಡರು. ಎಳೇ ಹೋರಿ ಕೊಟ್ಟು ಪಳಗಿದ ಎತ್ತು ತಗೊಂಡ ಹಾಗೆ. 1996ರಲ್ಲಿ ಇವನು 24 ಆಟ ಗೆದ್ದು ಪಿಚರ್‌ಗಳ ದೊಡ್ಡ ಪ್ರಶಸ್ತಿ ಸೈ ಯಂಗ್ ತಗೊಂಡ. 2000ನೇ ಇಸವಿಯಲ್ಲಿ ಮೊಣಕೈ ಆಪರೇಷನ್, ಇಡೀ ವರ್ಷ ಮನೆಯಲ್ಲಿ. ವಾಪಸ್ ಬಂದವನು ಆಟದ ಕೊನೆ ಇನಿಂಗ್ಸ್ ಮಾತ್ರ ಹಾಕೋ ಕ್ಲೋಸರ್ ಆದ, 2002ರಲ್ಲಿ 55 ಸೇವ್, ಅಂದರೆ ಕೊನೆಯಲ್ಲಿ ಬಂದು ಟೀಮಿನ ಗೆಲುವು ಉಳಿಸಿಕೊಟ್ಟ ಲೆಕ್ಕ. ಅದೂ ಸಾಲದು ಅಂತ 2005ರಲ್ಲಿ ಮತ್ತೆ ಮೊದಲಿಂದ ಹಾಕೋ ಸ್ಟಾರ್ಟರ್ ಆದ. ನಮ್ಮ ಲೆಕ್ಕಕ್ಕೆ ತಗೊಂಡರೆ ಟೆಸ್ಟ್‌ನಲ್ಲಿ ಹೊಸ ಚೆಂಡು ಹಾಕ್ತಿದ್ದವನು, ಆಪರೇಷನ್ ಆಗಿ ಇಪ್ಪತ್ತನೇ ಓವರ್ ಹಾಕೋನಾಗಿ, ಮೂವತ್ತೇಳು ಮೂವತ್ತೆಂಟರ ವಯಸ್ಸಿನಲ್ಲಿ ಮತ್ತೆ ಹೊಸ ಚೆಂಡು ಇಸ್ಕೊಂಡ ಹಾಗೆ. 200ಕ್ಕಿಂತ ಹೆಚ್ಚು ಗೆಲುವು, 150ಕ್ಕಿಂತ ಹೆಚ್ಚು ಸೇವ್ ಎರಡೂ ಇರೋ ಪಿಚರ್ ಇವನೊಬ್ಬನೇ. ಹಾಗಾಗಿ ಟಿವಿಯಲ್ಲಿ ಸ್ಟಾರ್ಟರ್ ಸುಸ್ತಾದಾಗಲೂ ಒಳಗಿನ ಮಾತು ಹೇಳ್ತಾನೆ, ಗಡಿಬಿಡಿಯಲ್ಲಿ ಕ್ಲೋಸರ್ ಬಂದಾಗಲೂ ಒಳಗಿನ ಮಾತು ಹೇಳ್ತಾನೆ. ಎರಡೂ ಮನೆಯಲ್ಲಿ ಉಂಡವನು.

ಅಪ್ಪ ಅಮ್ಮ ಅಕಾರ್ಡಿಯನ್ ಹೇಳಿಕೊಡ್ತಿದ್ದರಂತೆ, ಇವನೂ ಚಿಕ್ಕಂದಿನಲ್ಲಿ ಅಕಾರ್ಡಿಯನ್ ಬಾರಿಸ್ತಿದ್ದ. ಇಷ್ಟು ಕತೆಯಲ್ಲಿ ನಮ್ಮನೆಯವರ ಕಿವಿಗೆ ಬಿದ್ದದ್ದು ಇದೊಂದೇ. ಅವರ ತಂದೆ ಹಾರ್ಮೋನಿಯಂ ನುಡಿಸ್ತಿದ್ದರು, ಅಂಥವರ ಮನೆ ಮಗ ಅಂದ ಮೇಲೆ ಅವನ ಮೇಲಿನ ಕೋಪ ಅರ್ಧ ಇಳಿಯಿತು.

ಈಗ ದೂರುಗಳು. ಒಂದು, ಈಯಪ್ಪ ಅಪ್ಪಟ ಬೌಲರ್ ಬುದ್ಧಿಯವನು. ಆ ಮೂರನೇ ಆಟದಲ್ಲಿ ಡಾಡ್ಜರ್ಸ್‌ನ ಶೊಹೆಯ್ ಒಹ್ತಾನಿ ಒಂಬತ್ತು ಸಲ ಬೇಸ್ ಮುಟ್ಟಿದ. ಎರಡು ಹೋಮ್‌ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), ಎರಡು ಡಬಲ್ (ಹೊಡೆದು ಎರಡನೇ ಬೇಸ್‌ವರೆಗೆ ಓಡೋದು), ಮಿಕ್ಕ ಐದು ಸಲ ಇವನ ಸಹವಾಸವೇ ಬೇಡ ಅಂತ ವಾಕ್ ಕೊಟ್ಟರು, ಅಂದರೆ ಹೊಡೆಯೋಕೆ ಚೆಂಡು ಕೊಡದೆ ಸುಮ್ಮನೆ ಮೊದಲ ಬೇಸ್‌ಗೆ ಕಳಿಸಿದರು. ಅಂಥ ಹೊಡೆತ ಬಿದ್ದಾಗ ನಮಗೆ ಬ್ಯಾಟಿನ ಸೊಗಸು ಕಾಣುತ್ತೆ, ಪಿಚರ್ ಆಗಿದ್ದವನ ಕಣ್ಣಿಗೆ ಚೆಂಡು ಎಲ್ಲಿ ತಪ್ಪಿತು ಅನ್ನೋದೇ ಕಾಣುತ್ತೆ. ಹೋಮ್‌ರನ್ ಹೋದರೆ ಅದು ಹೊಡೆದವನ ಪುಣ್ಯ ಅಲ್ಲ, ಹಾಕಿದವನ ಪಾಪ. ನಾನೂ ಹಾಗೇ ನೋಡೋನು, ಆದರೆ ಆರು ಗಂಟೆ ಕೇಳಿದಾಗ ಬ್ಯಾಟ್ಸ್‌ಮನ್ ಪರವಾಗಿ ಯಾರಾದರೂ ಒಂದು ಮಾತಾಡಬಾರದಾ ಅನ್ನಿಸುತ್ತೆ.

ಎರಡನೇದು ದೊಡ್ಡದು. ಈಗಿನ ಕಾಲದ ಪಿಚರ್‌ಗಳು ಬರೀ ವೇಗದ ಹಿಂದೆ ಓಡ್ತಾರೆ, ಐದು ಇನಿಂಗ್ಸ್ ಆಗೋದರೊಳಗೆ ಅವರನ್ನು ತೆಗೆದುಬಿಡ್ತಾರೆ ಅನ್ನೋ ಕೊರಗು. ಸುತ್ತಿ ಬಳಸಿ ಅಲ್ಲಿಗೇ ಬರ್ತಾನೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಬರೋ ನಮ್ಮ ರಿಟೈರ್ಡ್ ಬಳಗದಲ್ಲಿ ಒಂದೊಂದು ಬೆಂಚಿಗೂ ಒಬ್ಬೊಬ್ಬ ಸ್ಮೋಲ್ಟ್ಸ್ ಇದ್ದಾನೆ. ಒಬ್ಬರಿಗೆ ಈಗಿನ ರಾಗಿ ರುಚಿಯಿಲ್ಲ, ಇನ್ನೊಬ್ಬರಿಗೆ ಈಗಿನ ಮಕ್ಕಳಿಗೆ ಮಗ್ಗಿ ಬರಲ್ಲ. ನಾನು ಆ ಬೆಂಚಿನಿಂದ ತಪ್ಪಿಸಿಕೊಂಡು ಮನೆಗೆ ಬಂದರೆ ಟಿವಿಯಲ್ಲೂ ಅದೇ ಪ್ರಸಂಗ.

ಆದರೂ ಪೂರ್ತಿ ಬೈಯೋಕೆ ಮನಸ್ಸು ಬರಲ್ಲ, ಯಾಕೆ ಅಂದರೆ ಅವನು ಕಣ್ಣಾರೆ ಕಂಡದ್ದು ಬೇರೆ. 1991ರ ವರ್ಲ್ಡ್ ಸೀರೀಸ್, ಏಳನೇ ಆಟ, ಗೆದ್ದವರಿಗೆ ಕಪ್. ಅಟ್ಲಾಂಟಾ ಪರ ಇಪ್ಪತ್ನಾಲ್ಕರ ಹುಡುಗ ಸ್ಮೋಲ್ಟ್ಸ್, ಎದುರಿಗೆ ಮಿನ್ನೆಸೋಟ ಟ್ವಿನ್ಸ್‌ನ ಜಾಕ್ ಮಾರಿಸ್. ಇವನು ಎಂಟನೇ ಇನಿಂಗ್ಸ್‌ವರೆಗೂ ಒಂದು ರನ್ ಕೊಡಲಿಲ್ಲ. ಮಾರಿಸ್ ಹತ್ತು ಇನಿಂಗ್ಸ್ ಒಬ್ಬನೇ ಹಾಕಿದ, ಅವನೂ ಒಂದು ರನ್ ಕೊಡಲಿಲ್ಲ. 1-0ಗೆ ಟ್ವಿನ್ಸ್ ಗೆದ್ದರು. ಅಂಥದ್ದನ್ನು ಎದುರಿನ ಡಗೌಟ್‌ನಲ್ಲಿ ಕೂತು ನೋಡಿ ಸೋತವನು, ಐದನೇ ಇನಿಂಗ್ಸ್‌ಗೆ ಚೆಂಡು ಇಸ್ಕೊಳ್ಳೋದನ್ನು ಕಂಡರೆ ಗೊಣಗದೇ ಇನ್ನೇನು ಮಾಡ್ತಾನೆ.

ನಮ್ಮಲ್ಲೂ ಒಬ್ಬರಿದ್ದಾರೆ. ಜಾವಗಲ್ ಶ್ರೀನಾಥ್, ಮೈಸೂರ್ ಎಕ್ಸ್‌ಪ್ರೆಸ್. ಇದೇ ಊರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು, ಟೆಸ್ಟ್‌ನಲ್ಲಿ 236, ಒಂದು ದಿನದ ಆಟದಲ್ಲಿ 315 ವಿಕೆಟ್. 1997ರಲ್ಲಿ ಭುಜದ ಆಪರೇಷನ್ ಮಾಡಿಸಿಕೊಂಡು ಮತ್ತೆ ಬಂದು ಅದೇ ಚೆಂಡು ಹಾಕಿದವರು. 2006ರಿಂದ ಮ್ಯಾಚ್ ರೆಫರಿ. ರೆಫರಿ ಅಂದರೆ ಎಲ್ಲಾ ನೋಡಬೇಕು, ಮಾತಾಡಬಾರದು. ಸ್ಮೋಲ್ಟ್ಸ್ ಮಾತು ಕೇಳುವಾಗೆಲ್ಲ ನನಗೆ ಆಸೆ, ಶ್ರೀನಾಥ್ ಒಂದು ಇಡೀ ಟೆಸ್ಟ್ ಕನ್ನಡದಲ್ಲಿ ಕೂತು ಹೇಳಬೇಕು. ಈ ಚೆಂಡು ಯಾಕೆ ಒಳಗೆ ಬಂತು, ಮುಂದಿನದು ಯಾಕೆ ಹೊರಗೆ ಹೋಗುತ್ತೆ ಅಂತ. ಈಗ ಟಿವಿಯಲ್ಲಿ ಕನ್ನಡ ಕಾಮೆಂಟರಿ ಬರೋದೇ ನಮ್ಮ ಪುಣ್ಯ, ಅದರ ಬಗ್ಗೆ ತಕರಾರಿಲ್ಲ. ಆದರೆ ಪ್ರಾಸ ಚೂರು ಕಮ್ಮಿ ಮಾಡಿ, ಮುಂದಿನ ಎಸೆತದ ಗುಟ್ಟು ಚೂರು ಜಾಸ್ತಿ ಮಾಡಿದರೆ ನಮ್ಮ ಹಳ್ಳಿ ಹುಡುಗರೂ ಎರಡು ಪಾಠ ಕಲೀತಾರೆ. ರೇಡಿಯೊಗೆ ಆಕಾಶವಾಣಿ ಅನ್ನೋ ಹೆಸರಿಟ್ಟ ಊರು ಇದು, ಅಷ್ಟು ಕೇಳೋ ಹಕ್ಕಿದೆ.

ನಕ್ಷತ್ರ ಕೊಡಬೇಕು ಅಂದರೆ ಐದಕ್ಕೆ ನಾಲ್ಕು. ಒಂದು ಕಿತ್ತುಕೊಂಡಿದ್ದು ಆ ಬೆಂಚಿನ ಮಾತಿಗೆ.

ಹದಿನೆಂಟು ಇನಿಂಗ್ಸ್ ದಿನದ ಇನ್ನೊಂದು ಸಂಗತಿ ಬಿಟ್ಟೆ. ಮೊಮ್ಮಗ ನಮ್ಮ ಏಳು ಗಂಟೆಗೇ ಮಲಗಲು ಹೋದ, ಸ್ಕೂಲ್ ಇತ್ತು. ಅಳಿಯ ಸೋಫಾದಲ್ಲೇ ಕಣ್ಣು ಮುಚ್ಚಿದ. ಫೋನ್ ಚಾರ್ಜರ್‌ನಲ್ಲಿ ಇದ್ದಿದ್ದರಿಂದ ಕಾಲ್ ನಡೀತಾನೇ ಇತ್ತು. ಅವರಿಗೆ ನಡುರಾತ್ರಿ ಕಳೆದು ಎರಡು ಗಂಟೆ. ಹದಿನಾಲ್ಕನೇ ಇನಿಂಗ್ಸ್‌ನಿಂದ ಆಚೆ ನಾನು ಕೇಳಿದ್ದು ಸ್ಮೋಲ್ಟ್ಸ್ ಮಾತು, ಅದರ ಕೆಳಗೆ ತಂಬೂರಿ ಹಾಗೆ ಅಳಿಯನ ಗೊರಕೆ. ಡಾಡ್ಜರ್ಸ್‌ನ ಪಿಚರ್‌ಗಳೆಲ್ಲ ಖಾಲಿಯಾಗಿ ವಿಲ್ ಕ್ಲೈನ್ ಅನ್ನೋ ಹೆಸರೇ ಕೇಳಿರದ ಹುಡುಗ ಬಂದು ನಾಲ್ಕು ಇನಿಂಗ್ಸ್ ಹಾಕಿದ, 72 ಎಸೆತ, ಒಂದು ರನ್ ಕೊಡಲಿಲ್ಲ. ಕೊನೆಗೆ ಅವರ ಫ್ರೆಡ್ಡಿ ಫ್ರೀಮನ್ ಹೋಮ್‌ರನ್ ಹೊಡೆದು ಆಟ ಗೆಲ್ಲಿಸಿದ. ನಾನು ಕುವೆಂಪುನಗರದಲ್ಲಿ ಕೂಗಿದ ಕೂಗಿಗೆ ಅಟ್ಲಾಂಟಾದಲ್ಲಿ ಅಳಿಯ ಎದ್ದು ಕೂತ. "ಏನಾಯ್ತು ಮಾವ, ಅತ್ತೆ ಹುಷಾರಾ?" ಅಂದ.

ಆರನೇ ಆಟ ನಮ್ಮ ರಾಜ್ಯೋತ್ಸವದ ಬೆಳಿಗ್ಗೆ. ಡಾಡ್ಜರ್ಸ್‌ನ ಪಿಚರ್ ಯೊಶಿನೊಬು ಯಮಮೊತೊ ಆರು ಇನಿಂಗ್ಸ್, 96 ಎಸೆತ. ಬಾವುಟ ಹಾರಿಸೋಕೆ ಬೀದಿಯವರು ಕರೆಯೋಕೆ ಬಂದಾಗ ಇನ್ನೂ ಮುಗಿದಿರಲಿಲ್ಲ, ಐದು ನಿಮಿಷ ಅಂತ ಸುಳ್ಳು ಹೇಳಿದೆ. ಮಾರನೇ ದಿನ ಭಾನುವಾರ ಏಳನೇ ಆಟ. ಹಿಂದಿನ ದಿನ 96 ಎಸೆದ ಅದೇ ಯಮಮೊತೊ ಒಂಬತ್ತನೇ ಇನಿಂಗ್ಸ್‌ನಲ್ಲಿ ಮತ್ತೆ ಬಂದು 34 ಎಸೆದ. ಹನ್ನೊಂದನೇ ಇನಿಂಗ್ಸ್‌ನಲ್ಲಿ ಬ್ಯಾಟ್ ಮುರಿಸಿ ಇಬ್ಬರನ್ನು ಒಟ್ಟಿಗೆ ಔಟ್ ಮಾಡಿಸಿ 5-4ಕ್ಕೆ ಡಾಡ್ಜರ್ಸ್‌ಗೆ ಕಪ್ ಗೆದ್ದುಕೊಟ್ಟ. ಹಳೇ ಕಾಲದ ಪಿಚರ್ ಎಲ್ಲಿ ಅಂತ ಹುಡುಕ್ತಿದ್ದ ಸ್ಮೋಲ್ಟ್ಸ್ ಕಣ್ಣೆದುರಿಗೇ ಒಬ್ಬ ನಿಂತಿದ್ದ. ಆವತ್ತು ರಾತ್ರಿ ನವಿ ಮುಂಬೈಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾನ 52 ರನ್ನಿಂದ ಸೋಲಿಸಿ ವಿಶ್ವಕಪ್ ಎತ್ತಿದರು. ಬೆಳಿಗ್ಗೆ ಐದೂವರೆಯಿಂದ ನಡುರಾತ್ರಿವರೆಗೆ ಕಣ್ಣು ಮುಚ್ಚಲಿಲ್ಲ. ಅರವತ್ತೊಂದನೇ ವಯಸ್ಸಿಗೆ ಅಂಥ ಭಾನುವಾರ ಮತ್ತೆ ಸಿಗಲ್ಲ.

ಆ ಯಮಮೊತೊ ನೋಡಿ ಮೊಮ್ಮಗ ಮಾರನೇ ದಿನ ಕಾಲ್ ಮಾಡಿದ. "ತಾತ, ನಾನೂ ನಾಳೆ ಮತ್ತೆ ಹಾಕಬಹುದಾ?" ವಾರಾಂತ್ಯದಲ್ಲಿ ಒಂದು ಟೀಮಿಗೆ ಹಾಕಿದ್ದ, ಇನ್ನೊಂದು ಟೀಮಿನ ಕೋಚ್ ಕರೀತಿದ್ದರು. ಅಲ್ಲಿ ಹನ್ನೊಂದು ಹನ್ನೆರಡರ ಮಕ್ಕಳಿಗೆ ದಿನಕ್ಕೆ 85 ಎಸೆತ ಮೀರಬಾರದು ಅಂತ ಲೆಕ್ಕ ಇದೆ, ಮಧ್ಯೆ ಬಿಡುವು ಕೊಡಬೇಕು ಅಂತಲೂ ಇದೆ. ಆದರೆ ಎರಡು ಟೀಮಿನ ಲೆಕ್ಕ ಕೂಡಿಸೋರು ಯಾರು? ನಾನು ಮಗಳಿಗೆ ಒಂದೇ ಮಾತು ಹೇಳಿದೆ, ಸ್ಮೋಲ್ಟ್ಸ್‌ನ 2015ರ ಭಾಷಣ ಹುಡುಕಿ ನೋಡು ಅಂತ. ಅದು ಅವನನ್ನು ಹಾಲ್ ಆಫ್ ಫೇಮ್‌ಗೆ, ಅಂದರೆ ಬೇಸ್‌ಬಾಲ್‌ನ ಮಹಾನ್ ಆಟಗಾರರ ಸಾಲಿಗೆ, ಸೇರಿಸಿಕೊಂಡ ದಿನ, ಮೊಣಕೈಗೆ ಟಾಮಿ ಜಾನ್ ಆಪರೇಷನ್ ಮಾಡಿಸಿಕೊಂಡು ಅಲ್ಲಿಗೆ ಬಂದ ಮೊದಲ ಪಿಚರ್ ಅವನು. ತನ್ನ ಗೆಲುವು ಹೇಳಿಕೊಳ್ಳೋದು ನಿಲ್ಲಿಸಿ ಅಪ್ಪ ಅಮ್ಮಂದಿರಿಗೆ ಹೇಳಿದ, ಹದಿನಾಲ್ಕು ಹದಿನೈದರ ಮಕ್ಕಳಿಗೆ ಇಂಥ ಆಪರೇಷನ್ ಆಗೋದು ಸಹಜ ಅಲ್ಲ, ಬೇಸ್‌ಬಾಲ್ ವರ್ಷಪೂರ್ತಿ ಆಡೋ ಆಟ ಅಲ್ಲ ಅಂತ. ಮೈಕ್ ಹಿಂದೆ ಕೂತು ಮಾಡೋ ಗೊಣಗಾಟವನ್ನೆಲ್ಲ ನಾನು ಆ ಭಾಷಣದ ಲೆಕ್ಕಕ್ಕೆ ಬರೆದು ಮಾಫಿ ಮಾಡಿದ್ದೀನಿ.

ನನಗೆ ಯಾಕೆ ಅದು ನಾಟಿತು ಅಂದರೆ, ನನ್ನ ಶಾಲೆಯಲ್ಲೂ ಒಬ್ಬ ಹುಡುಗ ಇದ್ದ. ಎಡಗೈ, ಒಳ್ಳೇ ವೇಗ. ಮೈದಾನದ ಹಿಂದೆ ಕಬ್ಬಿನ ಗದ್ದೆ, ಅವನ ಚೆಂಡಿಗೆ ಎಡ್ಜ್ ತಗುಲಿದರೆ ಸೀದಾ ಗದ್ದೆಗೆ. ತಾಲ್ಲೂಕು ಮಟ್ಟದ ಟೂರ್ನಿಯಲ್ಲಿ ಒಂದೇ ದಿನ ಮೂರು ಮ್ಯಾಚ್, ಮೂರರಲ್ಲೂ ಅವನ ಕೈಗೇ ಚೆಂಡು ಕೊಟ್ಟೆ. ಹದಿನಾಲ್ಕು ವಯಸ್ಸು. ಕಪ್ ಬಂತು, ಹೆಡ್‌ಮಾಸ್ಟರ್ ರೂಮಿನಲ್ಲಿ ಇಟ್ಟರು. ಮುಂದಿನ ವರ್ಷ ಅವನು ಭುಜ ಹಿಡ್ಕೊಂಡು ಸ್ಕೋರ್ ಬರೀತಾ ಕೂತ. ನಾನು ಅವನಿಗೆ ಪೆನ್ಸಿಲ್ ಕೊಡಿಸಿದ್ದೆ.

ಮಗಳು ಭಾಷಣ ನೋಡಿದಳು. ಎರಡನೇ ಟೀಮ್ ಬಿಡಿಸಿದಳು. ಆ ಕೋಚ್‌ಗೆ ಬೇಜಾರಾಯಿತಂತೆ, ಆಗಲಿ. ಮೊಮ್ಮಗ ಚಳಿಗಾಲ ಪೂರ್ತಿ ಚೆಂಡು ಮುಟ್ಟೋ ಹಾಗಿಲ್ಲ, ನಾನು ಶತ್ರು ಆಗಿದ್ದೀನಿ. ಸಂಕ್ರಾಂತಿ ದಿನ ಎಳ್ಳು ಬೀರಿ ಒಳ್ಳೇ ಮಾತಾಡೋಣ ಅಂತ ಕಾಲ್ ಮಾಡಿದರೆ "ತಾತ, ಇನ್ನೆಷ್ಟು ದಿನ?" ಅಂತ ಅದೊಂದೇ ಕೇಳಿದ. ಮಾರ್ಚ್ ಕೊನೆಗೆ ಅಲ್ಲಿಯ ಸೀಸನ್ ಶುರು, ಅಲ್ಲಿವರೆಗೆ ಫೋನಿನ ಸ್ಟ್ಯಾಂಡ್ ಖಾಲಿ.

ಮೊನ್ನೆ ಬೆಳಿಗ್ಗೆ ಐದೂವರೆಗೆ ಅಭ್ಯಾಸಬಲಕ್ಕೆ ಎದ್ದು ಹಾಲಿನಲ್ಲಿ ಸುಮ್ಮನೆ ಕೂತಿದ್ದೆ. ನಮ್ಮನೆಯವರು ಡಿಕಾಕ್ಷನ್ ಇಳಿಯೋಕೆ ಇಟ್ಟು ಬಂದು ಕೇಳಿದರು, "ಆ ಅಕಾರ್ಡಿಯನ್‌ನೋರು ಮತ್ತೆ ಯಾವಾಗ ಬರ್ತಾರೆ?"